ಹೊಲ ತಿಂದ ಬಟ್ಟೆ

"ಗುರುಗಳೇ, ನಿಮ್ಮ ಮಾತನ್ನು ಒಂದಕ್ಷರ ಬಿಡದೆ ಕಾಪಾಡಿಕೊಂಡವನು ನಾನು. ಒಂದನ್ನೂ ನೆನಪಿಟ್ಟುಕೊಳ್ಳದವನು ಸೋಮನಿಂಗ. ಹೊಳೆಯಾಚೆಯ ಊರಿನವರು ತಮಗೆ ನಾಲ್ಕು ಒಳ್ಳೆಯ ಮಾತು ಹೇಳುವವರು ಬೇಕೆಂದು ಕೇಳಿದರೆ ನೀವು ಅವನನ್ನು ಕಳಿಸುತ್ತಿದ್ದೀರಿ. ಇದು ಸರಿಯೇ?"

ಹೀಗೆ ಕೇಳಿದವನು ಚೆನ್ನಮಲ್ಲ. ಅವನು ಒಂಬತ್ತು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಗುರುಗಳು ಯಾವ ದಿನ ಏನು ಹೇಳಿದರೆಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಗುರುಗಳೇ ಮಾತಿನ ನಡುವೆ ತಡವರಿಸಿದರೆ ಪಕ್ಕದಿಂದ ಎತ್ತಿಕೊಡುತ್ತಿದ್ದ. ಸೋಮನಿಂಗನೂ ಅಷ್ಟೇ ವರ್ಷದಿಂದ ಇದ್ದವನು. ಬೆಳಿಗ್ಗೆ ಕೇಳಿದ್ದನ್ನು ಸಂಜೆ ಹೇಳು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದ. ಹೊಳೆಯಾಚೆಯ ಊರಿಗೆ ತಾನೇ ಹೋಗುವವನೆಂದು ನಂಬಿ ಚೆನ್ನಮಲ್ಲ ತನ್ನ ಪುಸ್ತಕಗಳನ್ನು ಗಂಟು ಕಟ್ಟಿಯೂ ಇಟ್ಟಿದ್ದ. ಅವನಿಗೆ ನಿಜಕ್ಕೂ ನೋವಾಗಿತ್ತು.

ಗುರುಗಳು ಒಂದು ಚಾಪೆಯನ್ನು ಅವನ ಕಡೆಗೆ ಸರಿಸಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಊರಿನ ಹೆಸರು ಮಾತ್ರ ಕೇಳಬೇಡ. ಹೇಳಿದರೆ ನೀನು ಅದನ್ನೂ ಬಾಯಿಪಾಠ ಮಾಡುತ್ತೀ" ಎಂದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಕಬ್ಬು ಬೆಳೆಯುತ್ತಿದ್ದ. ಅವನಷ್ಟು ಅಚ್ಚುಕಟ್ಟಾದ ಮನುಷ್ಯ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗಿದ ಗರಿ ಬಿದ್ದಿರುತ್ತದೆ. ಆ ಕಡೆಯವರು ಅದಕ್ಕೆ ರವದಿ ಎನ್ನುತ್ತಾರೆ. ಅವನು ಪ್ರತಿ ವರ್ಷ ರವದಿಗೆ ಬೆಂಕಿ ಹಚ್ಚಿ, ಹೊಲವನ್ನು ಗುಡಿಸಿದ ಅಂಗಳದ ಹಾಗೆ ಮಾಡಿಬಿಡುತ್ತಿದ್ದ. ಹುಡುಕಿದರೂ ಒಂದು ಕಡ್ಡಿ ಕಾಣುತ್ತಿರಲಿಲ್ಲ.

ಅವನು ನಂಬಿಕೆಯ ಮನುಷ್ಯನೂ ಹೌದು. ಊರವರು ನೆಂಟರ ಮನೆಗೆ ಹೋಗುವಾಗ ಬೀಗದ ಕೈಯನ್ನು ಅವನಿಗೆ ಕೊಟ್ಟು ಹೋಗುತ್ತಿದ್ದರು. ಅವನ ವಶಕ್ಕೆ ಕೊಟ್ಟ ವಸ್ತು ಕೊಟ್ಟ ಹಾಗೆಯೇ ತಿರುಗಿ ಬರುತ್ತಿತ್ತು. ಆದ್ದರಿಂದ ಅವನು ಮಾಡಿದ್ದನ್ನೇ ಊರು ಮಾಡುತ್ತಿತ್ತು. ಅವನ ಹೊಲದಲ್ಲಿ ಹೊಗೆ ಎದ್ದ ಮರುದಿನ ಊರಿನ ಹೊಲಗಳಲ್ಲೂ ಹೊಗೆ ಏಳುತ್ತಿತ್ತು.

ಈಗಿನ ಕಾಲದಲ್ಲಿ ಮಣ್ಣಿನ ನಾಡಿ ಹಿಡಿದು ನೋಡುವವರೂ ಇದ್ದಾರೆ. ಆ ಊರಿಗೆ ಅಂಥ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಮಣ್ಣನ್ನು ಹೇಗೆ ಉಳಿಸಿಕೊಳ್ಳಬೇಕೆಂದು ರೈತರಿಗೆ ಸಲಹೆ ಕೊಡುವುದು ಅವಳ ಕೆಲಸ. ಊರವರು ಅವಳನ್ನು ಮಣ್ಣಿನ ಮೇಡಂ ಎಂದು ಕರೆಯುತ್ತಿದ್ದರು. ಗರಿಯನ್ನು ಸುಟ್ಟರೆ ಅದರೊಳಗಿನ ಇಂಗಾಲ ಹೊಗೆಯಾಗಿ ಮೇಲೆ ಹೋಗಿ ಲೋಕವನ್ನು ಬಿಸಿ ಮಾಡುತ್ತದೆ. ಬಿದ್ದಲ್ಲೇ ಬಿಟ್ಟರೆ ಅದು ಮಣ್ಣಿನೊಳಗಿನ ಹುಳಹುಪ್ಪಟೆಗಳಿಗೆ ಊಟವಾಗುತ್ತದೆ, ಇಂಗಾಲವೂ ಒಂದಿಷ್ಟು ಅಲ್ಲೇ ಉಳಿಯುತ್ತದೆ, ಮಣ್ಣು ಜೀವ ಹಿಡಿಯುತ್ತದೆ. ಅವಳು ಹೇಳುತ್ತಿದ್ದುದು ಇಷ್ಟೇ. ಎರಡು ವರ್ಷ ಹೇಳಿದಳು. ಚಿತ್ರ ತೋರಿಸಿ ಹೇಳಿದಳು, ಹೊಲದಲ್ಲಿ ನಿಂತು ಹೇಳಿದಳು. ಊರವರು ಒಳ್ಳೆಯವರು. ಕುರ್ಚಿ ಹಾಕಿದರು, ಚಹಾ ಕೊಟ್ಟರು, ಎಲ್ಲದಕ್ಕೂ ಹೌದೌದು ಎಂದರು. ಅವಳು ಅತ್ತ ಹೋದೊಡನೆ ಇತ್ತ ಕಡ್ಡಿ ಗೀರಿದರು.

ಮೂರನೆಯ ವರ್ಷ ಅವಳು ಹೇಳುವುದನ್ನೇ ಬಿಟ್ಟಳು. ಮನೆಗೊಂದರಂತೆ ಒಂದು ಮೊಳ ಬಿಳಿಯ ಹತ್ತಿಬಟ್ಟೆ ಹಂಚಿದಳು. ಬಟ್ಟೆಯ ಸುತ್ತ ಅಂಚಿಗೆ ನೀಲಿ ನೈಲಾನ್ ದಾರದಿಂದ ತಾನೇ ಹೊಲಿಗೆ ಹಾಕಿದ್ದಳು. ಕಬ್ಬಿನ ಸಾಲಿನ ನಡುವೆ ಒಂದು ಗೇಣು ಆಳದಲ್ಲಿ ಇದನ್ನು ಹೂಳಿರಿ, ಗುರುತಿಗೆ ಒಂದು ಕೋಲು ನೆಡಿರಿ, ಕಬ್ಬು ಕಡಿದ ಮೇಲೆ ಅಗೆದು ತನ್ನಿರಿ, ಎಲ್ಲರೂ ಕೂಡಿ ನೋಡೋಣ ಎಂದಳು. ಏನನ್ನು ನೋಡಬೇಕೆಂದು ಮಾತ್ರ ಹೇಳಲಿಲ್ಲ. ಕಣ್ಣಿಗೆ ಕಂಡರೆ ಸಾಕು, ತಾವೇ ತಿಳಿದುಕೊಳ್ಳುತ್ತಾರೆ ಎಂದುಕೊಂಡಳು. ಬುದ್ಧಿ ಹೇಳುವವರೆಲ್ಲ ಮಾಡುವ ತಪ್ಪು ಇದು. ನಾನೂ ಮಾಡಿದ್ದೇನೆ.

ಎರಡೂವರೆ ತಿಂಗಳಾಯಿತು. ಕಬ್ಬು ಕಡಿದು ಸಾಗಿಸಿದರು. ರವದಿ ಹೊಲದಲ್ಲಿ ಬಿದ್ದು ಒಣಗುತ್ತಿತ್ತು. ನಾಳೆ ಮೇಡಂ ಬರುವಳೆಂದು ಸುದ್ದಿ ಬಂತು. ಎಲ್ಲರೂ ಗುದ್ದಲಿ ಹಿಡಿದು ಹೊಲಕ್ಕೆ ಹೋದರು.

ಅಚ್ಚುಕಟ್ಟಿನ ರೈತ ಅಗೆದ. ಬಟ್ಟೆ ಹೂತಾಗ ಹೇಗಿತ್ತೋ ಹಾಗೇ ಇತ್ತು. ಮಣ್ಣು ಕೊಡವಿದರೆ ಅಂಗಡಿಯಿಂದ ತಂದ ಹಾಗೆ ಕಂಡಿತು. ಅವನ ಎದೆ ಉಬ್ಬಿತು. ಹೊಲವೂ ತನ್ನಂತೆಯೇ, ಇಟ್ಟುಕೋ ಎಂದು ಕೊಟ್ಟದ್ದನ್ನು ಮುಟ್ಟಿಲ್ಲ ಎಂದುಕೊಂಡ. ಊರಲ್ಲಿ ಎದುರಾದವರಿಗೆಲ್ಲ ತೋರಿಸಿದ. ಹೀಗೆ ಬಟ್ಟೆ ಇಡಿಯಾಗಿ ಬರುವುದೇ ಒಳ್ಳೆಯ ಹೊಲದ ಲಕ್ಷಣವೆಂದು ಊರಿಗೆ ಊರೇ ನಂಬಿತು.

ಅವನ ಮಗ್ಗುಲ ಹೊಲ ಒಬ್ಬ ಹೆಂಗಸಿನದು. ಅವಳೂ ಅಗೆದಳು. ಬಟ್ಟೆ ಇರಲಿಲ್ಲ. ಎರಡು ಚಿಂದಿ, ಸುತ್ತಿಕೊಂಡ ಒಂದು ನೀಲಿ ದಾರ, ಅಷ್ಟೇ. ಇನ್ನೂ ಆಳಕ್ಕೆ ಅಗೆದಳು. ಕೈಗೆ ಎರೆಹುಳ ಬಂದವೇ ಹೊರತು ಬಟ್ಟೆ ಬರಲಿಲ್ಲ. ಮಗ್ಗುಲವರದು ಇಡಿಯಾಗಿ ಬಂದಿದೆ, ನಮ್ಮದು ನಂಬಿ ಕೊಟ್ಟ ಬಟ್ಟೆಯನ್ನೇ ನುಂಗಿ ಕೂತಿದೆ, ಎಂಥ ಹೊಟ್ಟೆಬಾಕ ಹೊಲ ನಮ್ಮ ಪಾಲಿಗೆ ಬಂತು ಎಂದು ಕೊರಗಿದಳು. ಮನೆಗೆ ಬಂದು ಗಂಡನ ಹೊಸ ಧೋತರದಿಂದ ಒಂದು ಮೊಳ ಕತ್ತರಿಸಿದಳು. ಅದಕ್ಕೆ ಚೆನ್ನಾಗಿ ಮಣ್ಣು ಹಚ್ಚಿ ತಿಕ್ಕಿ ಮಡಿಚಿಟ್ಟಳು. ನಗಬೇಡ ಚೆನ್ನಮಲ್ಲ. ಮಾನದ ಪ್ರಶ್ನೆ ಬಂದಾಗ ನಾವೆಲ್ಲ ಧೋತರ ಕತ್ತರಿಸುವವರೇ.

ಮರುದಿನ ಚಾವಡಿಯಲ್ಲಿ ಎಲ್ಲರೂ ಸೇರಿದರು. ಬಟ್ಟೆಗಳನ್ನು ಸಾಲಾಗಿ ಹಾಸಿದರು. ಕೆಲವು ಅಲ್ಲಲ್ಲಿ ಸವೆದಿದ್ದವು, ಕೆಲವು ಬಣ್ಣ ಕೆಟ್ಟಿದ್ದವು. ಅವುಗಳ ಒಡೆಯರು ಹಿಂದೆ ನಿಂತಿದ್ದರು. ಅಚ್ಚುಕಟ್ಟಿನ ರೈತ ಮುಂದೆ ಬಂದು ತನ್ನದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಹೊಲ ಅಂದ್ರ ಹಿಂಗ ಇರಬೇಕ್ ನೋಡ್ರಿ ಮೇಡಂ. ಕೊಟ್ಟದ್ದನ್ನ ಕೊಟ್ಟಂಗ ಇಟ್ಕೊಂಡೈತಿ. ನಾಳಿ ರವದಿ ಸುಟ್ಟು ಹಸನ ಮಾಡಿದೆ ಅಂದ್ರ ಮತ್ತ ಮುಂದಿನ ವರ್ಷಕ್ಕ ತಯಾರ" ಎಂದ.

ಊರು ಹೌದೆಂದು ತಲೆಯಾಡಿಸಿತು.

ತಾನು ತೋರಿಸಲು ಹೊರಟದ್ದನ್ನು ಊರು ತಲೆಕೆಳಗಾಗಿ ಓದಿಕೊಂಡಿದೆ ಎಂದು ಮೇಡಂಗೆ ಆಗ ತಿಳಿಯಿತು. ನಿನ್ನ ಮಣ್ಣು ಸತ್ತಿದೆ ಎಂದು ಎಲ್ಲರೆದುರು ಹೇಳಿದರೆ ಅವನಿಗೆ ಅವಮಾನ. ಅವಮಾನವಾದವನ ಕಿವಿ ಮುಚ್ಚಿಹೋಗುತ್ತದೆ, ಅವನ ಹಿಂದೆ ಊರಿನ ಕಿವಿಯೂ ಮುಚ್ಚಿಹೋಗುತ್ತದೆ. ಹೇಳದೆ ಹೋದರೆ ನಾಳೆ ಊರಿನ ರವದಿಯೆಲ್ಲ ಬೂದಿ. ಮೂರು ವರ್ಷದ ತಿರುಗಾಟ ನೀರುಪಾಲು. ಅವಳು ತಲೆ ಬಗ್ಗಿಸಿ ಬಟ್ಟೆಗಳನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಒಂದಕ್ಕೆ ನೀಲಿ ಹೊಲಿಗೆ ಇಲ್ಲದ್ದು ಕಂಡಿತು.

"ಅಕ್ಕಾರ, ಇದು ನಾ ಕೊಟ್ಟ ಬಟ್ಟಿ ಅಲ್ಲ" ಎಂದಳು.

ಅದನ್ನು ತಂದಿದ್ದ ಮಗ್ಗುಲ ಹೊಲದ ಹೆಂಗಸಿನ ಮುಖ ಕಪ್ಪಿಟ್ಟಿತು. ಸೆರಗಿನ ಗಂಟು ಬಿಚ್ಚಿ ನೀಲಿ ದಾರವನ್ನೂ ಚಿಂದಿಯನ್ನೂ ಹೊರತೆಗೆದಳು. "ತಪ್ಪಾತ್ರಿ ಮೇಡಂ. ನೀವು ಕೊಟ್ಟಿದ್ದನ್ನ ನಮ್ಮ ಹೊಲ ತಿಂದ ಬಿಟ್ಟೈತ್ರಿ. ನಾಚಿಕಿ ಬಂದು ಬ್ಯಾರೆ ತಂದೆ."

ಮೇಡಂ ಆ ದಾರವನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ರೈತನ ಕಡೆಗೆ ತಿರುಗಿದಳು.

"ತಪ್ಪು ನಂದ್ರಿ ಅಣ್ಣಾರ. ಏನ್ ನೋಡಬೇಕಂತ ನಾ ಹೇಳೇ ಇಲ್ಲ. ಈಗ ನೀವ ಹೇಳ್ರಿ. ಹೊಲಕ್ಕ ತಿಪ್ಪಿಗೊಬ್ಬರ ಹಾಕ್ತೀರಿ. ವರ್ಷದ ಮ್ಯಾಲ ಅಗದು ನೋಡಿದರ ಆ ಗೊಬ್ಬರ ಹಾಕಿದಂಗ ಸಿಗಬೇಕೋ, ಸಿಗಬಾರದೋ?"

"ಸಿಗಬಾರದು" ಎಂದ ರೈತ. ಥಟ್ಟನೆ ಹೇಳಿದ. ಹೇಳಿದ ಮೇಲೆ ತನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ.

ಅವನು ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಎಳೆದು ನೋಡಿದ. ಬೇರೆ ಯಾರಾದರೂ ಆಗಿದ್ದರೆ ವಾದಕ್ಕೆ ಇಳಿಯುತ್ತಿದ್ದರು. ಅವನು ಸುಳ್ಳು ಗೊತ್ತಿಲ್ಲದ ಮನುಷ್ಯ. ತನಗೇ ತಾನು ಸುಳ್ಳು ಹೇಳಿಕೊಳ್ಳುವುದೂ ಅವನಿಗೆ ಬರುತ್ತಿರಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕುಳಿತ.

"ಅಂದ್ರ ನಮ್ಮ ಹೊಲದಾಗ ಉಣ್ಣಾಕ ಒಳಗ ಯಾರೂ ಇಲ್ಲ ಅಂದಂಗಾತು" ಎಂದ.

ಮೇಡಂ ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ಮೂರು ವರ್ಷದಲ್ಲಿ ಅವಳು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದು.

ರೈತ ಆ ಹೆಂಗಸನ್ನು ಕೇಳಿದ. "ತಂಗಿ, ನಿನ್ನ ಹೊಲಕ್ಕ ಏನ್ ಹಾಕ್ತೀ?"

"ಏನೂ ಹಾಕಂಗಿಲ್ಲಣ್ಣ. ನಾಲ್ಕು ವರ್ಷ ಆತು, ರವದಿ ಸುಡಾಕ ನನಗ ಪುರುಸೊತ್ತ ಆಗಿಲ್ಲ. ಬಿದ್ದಲ್ಲೇ ಬಿಟ್ಟೀನಿ. ನಿನ್ನ ಹೊಲ ನೋಡಿ ದಿನಾ ನಾಚಿಕಿ ಪಡ್ತಿದ್ದೆ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೈತನೂ ನಕ್ಕ. ಆ ಹೆಂಗಸು ಮಾತ್ರ ತನ್ನ ಸೋಮಾರಿತನಕ್ಕೆ ಇಷ್ಟು ಜನ ಯಾಕೆ ಸಂತೋಷಪಡುತ್ತಿದ್ದಾರೆಂದು ತಿಳಿಯದೆ ನಿಂತಿದ್ದಳು. ಧೋತರದ ವಿಷಯ ಗಂಡನಿಗೆ ಹೇಗೆ ಹೇಳುವುದೆಂಬುದು ಅವಳ ಚಿಂತೆಯಾಗಿತ್ತು.

ಮರುದಿನ ಊರು ರೈತನ ಹೊಲದ ಕಡೆ ನೋಡಿತು. ಹೊಗೆ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಕಡ್ಡಿಪೆಟ್ಟಿಗೆಗಳು ಒಲೆಯ ಪಕ್ಕಕ್ಕೆ ಹಿಂತಿರುಗಿದವು. ರೈತನಿಗೆ ಮೊದಮೊದಲು ಸಂಕಟವಾಗುತ್ತಿತ್ತು. ಕಸ ಬಿದ್ದ ಹೊಲವನ್ನು ನೋಡಲಾರದೆ ಮುಖ ತಿರುಗಿಸಿಕೊಂಡು ನಡೆಯುತ್ತಿದ್ದ. ಮೇಡಂ ಬಂದಾಗಲೆಲ್ಲ ಇನ್ನೊಂದು ಬಟ್ಟೆ ಕೊಡ್ರಿ ಎಂದು ಕೇಳಿ ಇಸಿದುಕೊಂಡು ಹೂಳುತ್ತಿದ್ದ. ಸುಡುವುದನ್ನು ಬಿಟ್ಟ ಮೂರನೆಯ ವರ್ಷ ಅಗೆದಾಗ ಬಟ್ಟೆಯ ನಡುವೆ ಬೊಗಸೆಯಗಲದ ತೂತು. ಹೊಲದಿಂದ ಚಾವಡಿಯವರೆಗೆ ಓಡಿ ಬಂದ. "ಹರದೈತ್ರಿ ಮೇಡಂ, ಹರದೈತಿ" ಎಂದು ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ ಕೂಗಿದ. ಮೇಡಂ ಆ ದಿನ ಎರಡು ಸಲ ಚಹಾ ಕುಡಿದಳಂತೆ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ ದಡ್ಡನಲ್ಲ. ಕತೆ ಯಾರ ಬಗ್ಗೆ ಎಂದು ಅರ್ಧದಲ್ಲೇ ಅವನಿಗೆ ತಿಳಿದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

"ನಾನು ಆ ಅಚ್ಚುಕಟ್ಟಾದ ಹೊಲ, ಒಪ್ಪಿದೆ. ನಿಮ್ಮ ಮಾತು ನನ್ನಲ್ಲಿ ಮಡಿಕೆ ಬಿಚ್ಚದೆ ಕೂತಿದೆ. ಆದರೆ ಬಟ್ಟೆ ಕಾಣದಿದ್ದರೆ ಹೊಲವೇ ತಿಂದಿದೆ ಎಂದು ಯಾಕೆ ತಿಳಿಯಬೇಕು? ನಾಯಿ ಎಳೆದುಕೊಂಡು ಹೋಗಿರಬಹುದಲ್ಲ. ಸೋಮನಿಂಗನಲ್ಲಿ ನಿಮ್ಮ ಮಾತು ಕರಗಿತೋ, ಕಳೆದೇ ಹೋಯಿತೋ, ನಿಮಗೆ ಹೇಗೆ ಗೊತ್ತು?"

ಗುರುಗಳ ಮುಖ ಅರಳಿತು. ಒಂಬತ್ತು ವರ್ಷದಲ್ಲಿ ಚೆನ್ನಮಲ್ಲ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನಿನ್ನೆ ನಾನು ಅಡುಗೆಯವನ ಮೇಲೆ ರೇಗಾಡುವಾಗ, ಸಿಟ್ಟಿನ ಬಗ್ಗೆ ನಾನು ಹೇಳಿದ್ದೆಲ್ಲ ಬಾಯಿಪಾಠವಿದ್ದ ನೀನು ಬಾಗಿಲಲ್ಲಿ ನಿಂತು ನೋಡಿದೆ, ಅದರಲ್ಲಿ ಒಂದು ಮಾತೂ ನೆನಪಿಲ್ಲದ ಸೋಮನಿಂಗ ಒಳಗೆ ಬಂದು ನನ್ನ ಕೈ ಹಿಡಿದುಕೊಂಡ."