ಮಳೆ ಕೊಟ್ಟ ಕೈ

ಕೋಡುಬಂಡೆ ಮಠಕ್ಕೆ ಹೊಳೆಯಿಲ್ಲ, ಕೆರೆಯಿಲ್ಲ. ಇರುವುದೆಲ್ಲ ಗುಡ್ಡದಷ್ಟು ದೊಡ್ಡ ಹಾಸುಬಂಡೆ, ಅದರ ಬುಡದಲ್ಲೊಂದು ಗುಡಿಸಲು, ಗುಡಿಸಲೊಳಗೆ ಕೆಂಚಜ್ಜಯ್ಯ.

ಆ ಅಜ್ಜಯ್ಯನೆಂದರೆ ಶಿಷ್ಯ ತಿಪ್ಪೇಶನಿಗೆ ಪ್ರಾಣ. ಯಾಕಾಗಬಾರದು ಹೇಳಿ! ಬಿಲ್ವದ ಗಿಡದ ಬುಡದಲ್ಲಿ ನಿಂತು, ಒಂದೇ ತಂಬಿಗೆ ನೀರಲ್ಲಿ ಮುಖ, ಕೈಕಾಲು ಎಲ್ಲ ತೊಳೆದು, ಗಿಡಕ್ಕೂ ನೀರುಣಿಸಿ ಬರುವ ಮನುಷ್ಯನನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ಆ ವರ್ಷ ಮಠದ ಹಂಡೆ ತಳ ಕಂಡಿತು. ಕೆಳಗಿನ ಹಟ್ಟಿಯ ಬಾವಿಯೂ ಬತ್ತಿತು. ಹಟ್ಟಿಯ ಮಾರಕ್ಕ ಖಾಲಿ ಕೊಡ ಹೊತ್ತು ಬಂದಾಗ ಅಜ್ಜಯ್ಯ ತಮ್ಮ ಪಾಲಿನ ನೀರನ್ನೇ ಸುರಿದುಕೊಟ್ಟು, ತಾವು ಒಣರೊಟ್ಟಿ ಅಗಿಯುತ್ತಾ ಕೂತರು.

ತಿಪ್ಪೇಶ ಬಂದು ಎದುರಿಗೆ ಕೂತ.

“ಬುದ್ಧಿ, ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಹೊಳೆದಂಡೇಲಿ ಒಂದು ಮಂಟಪ ನೋಡಿಟ್ಟು ಬಂದಿದ್ದೀನಿ. ಹೋಗಿಬಿಡೋಣ.”

“ಹಟ್ಟಿಯೋರು?”

“ಅವರ ಪಾಡು ಅವರು ನೋಡ್ಕೋತಾರೆ. ಇಲ್ಲೇ ಇದ್ದರೆ ನೀವು ಉಳಿಯಲ್ಲ.”

ಬಾಗಿಲಲ್ಲಿ ನಿಂತಿದ್ದ ಮಾರಕ್ಕ ಕೊಡ ಕೆಳಗಿಟ್ಟಳು. “ನೀವೇ ಎದ್ದೋದ್ರೆ ನಾವು ಯಾರ ಮುಖ ನೋಡ್ಕಂಡು ಇಲ್ಲಿರಾನ, ಬುದ್ಧಿ? ನಾವೂ ಹಟ್ಟಿ ಬಿಟ್ಟು ಗುಳೆ ಹೋಗದೇಯ.”

ಅಜ್ಜಯ್ಯ ಶಿಷ್ಯನ ಕಡೆ ತಿರುಗಿದರು. “ಅಲ್ವೋ ತಿಪ್ಪೇಶ, ಅಂಥಾದ್ದು ಏನಾಯ್ತೋ ಇಲ್ಲಿ?”

“ಮಳೆ ಕೈಕೊಟ್ಟಿತು ಬುದ್ಧಿ.”

“ನಾನು ಜ್ವರ ಬಂದು ಮಲಗಿದ್ದಾಗ ಆರಿದ್ರ ಮಳೆ ಹೊಡೀತಲ್ಲ? ಸದ್ದು ಕೇಳಿಸಿತ್ತು ನನಗೆ.”

“ಅಯ್ಯೋ, ಅದೇನು ಮಳೆ ಅಂತೀರಿ! ಬಂಡೆ ಮೇಲಿಂದ ನೀರು ಧೋ ಅಂತ ಅಂಗಳಕ್ಕೇ ನುಗ್ಗಿತು. ಗುಡಿಸಲು ಎಲ್ಲಿ ನೆನೆಯುತ್ತೋ ಅಂತ ನಾನೇ ಗುದ್ದಲಿ ಹಿಡಿದು ಕಾಲುವೆ ತೋಡಿ, ಅಷ್ಟನ್ನೂ ಹಳ್ಳಕ್ಕೆ ಬಿಟ್ಟೆ. ಒಂದು ತೊಟ್ಟು ನಿಲ್ಲಲಿಲ್ಲ ನೋಡಿ!” ತಿಪ್ಪೇಶ ಎದೆಯುಬ್ಬಿಸಿ ಹೇಳಿದ.

ಅಜ್ಜಯ್ಯ ಬಿದ್ದು ಬಿದ್ದು ನಕ್ಕರು. ಕೆಮ್ಮು ಬರುವ ತನಕ ನಕ್ಕರು.

“ಸರಿಯಾಗೇ ಹೇಳಿದೆ ಕಣಯ್ಯ. ಮಳೆ ಕೈ ಕೊಟ್ಟಿದೆ. ನೀನು ಆ ಕೈ ಹಿಡಿದು ಹೊರಗೆ ದಬ್ಬಿದ್ದೀಯ.”

ತಿಪ್ಪೇಶನ ಮುಖ ಸಣ್ಣಗಾಯಿತು. ಆದರೂ ಸೋಲಲಿಲ್ಲ. “ಯಾವತ್ತೋ ಒಂದಿನ ಬಂದು ಹೋಗೋದನ್ನ ನಂಬ್ಕೊಂಡು ಕೂತಿರೋಕಾಗುತ್ತಾ ಬುದ್ಧಿ?”

“ನಿನಗೆ ದಿನಕ್ಕೆ ಎಷ್ಟು ನೀರು ಬೇಕು?”

“ಕುಡಿಯೋಕೆ, ಬೇಯಿಸೋಕೆ, ಸ್ನಾನಕ್ಕೆ, ಬಟ್ಟೆಗೆ... ಕೊಡಗಳನ್ನ ಬೆರಳಲ್ಲಿ ಎಣಿಸಬಹುದು.”

“ಆವತ್ತು ಈ ಬಂಡೆ ಮೇಲೆ ಬಿದ್ದದ್ದು?”

ತಿಪ್ಪೇಶ ಬಂಡೆಯನ್ನು ಕೆಳಗಿನಿಂದ ನೆತ್ತಿಯವರೆಗೂ ನೋಡಿದ. “ಎಣಿಸೋಕಾಗಲ್ಲ.”

“ನಮ್ಮ ದಾಹ ದಿನಾ ಬರೋ ನೆಂಟ. ಮಳೆ ಯಾವಾಗಲೋ ಬರೋ ನೆಂಟ. ಇಬ್ಬರನ್ನೂ ಒಂದೇ ಮನೇಲಿ ಕೂರಿಸೋರು ಯಾರಪ್ಪ?”

ತಿಪ್ಪೇಶ ಒಳಗೆ ಹೋಗಿ ಗಂಟುಮೂಟೆ ಕಟ್ಟಿದ.

ಬೆಳಿಗ್ಗೆ ಗಾಡಿ ಬಂತು. ಗುಡಿಸಲಲ್ಲಿ ಅಜ್ಜಯ್ಯನಿಲ್ಲ. ಗಾಬರಿಯಿಂದ ಹುಡುಕುತ್ತಾ ಹೋದರೆ, ಬಂಡೆಯ ಬುಡದ ಹಳೇ ದೊಣೆಯೊಳಗೆ ಇಳಿದು ನಿಂತಿದ್ದಾರೆ! ಹಿಂದಿನವರು ನೀರು ನಿಲ್ಲಲೆಂದು ಕಲ್ಲಲ್ಲೇ ಕೊರೆದಿದ್ದ ಹೊಂಡ ಅದು, ಮುಕ್ಕಾಲು ಪಾಲು ಹೂಳು ತುಂಬಿ ಹೋಗಿತ್ತು. ಅಜ್ಜಯ್ಯ ತೆಂಗಿನ ಚಿಪ್ಪಿನಿಂದ ಮಣ್ಣು ಗೋರುತ್ತಿದ್ದರು.

“ಬುದ್ಧಿ, ಗಾಡಿ ಬಂದಿದೆ.”

“ಬಂತಾ? ಒಳ್ಳೇದಾಯ್ತು. ಅದಕ್ಕೆ ಈ ಹೂಳು ತುಂಬು.”

ಇನ್ನೇನು ಮಾಡುತ್ತಾನೆ ಪಾಪ! ಆ ಮುದಿ ಕೈಗಳನ್ನು ನೋಡುತ್ತಾ ನಿಲ್ಲುವುದಾದರೂ ಹೇಗೆ? ತಿಪ್ಪೇಶ ಪಂಚೆ ಎತ್ತಿ ಕಟ್ಟಿ ದೊಣೆಗೆ ಇಳಿದ. ಸುದ್ದಿ ತಿಳಿದ ಮಾರಕ್ಕ ಬುಟ್ಟಿ ತಂದಳು, ಅವಳ ಹಿಂದೆ ಹಟ್ಟಿಗೆ ಹಟ್ಟಿಯೇ ಬಂತು. ಅಜ್ಜಯ್ಯನನ್ನು ಹೊಳೆಗೆ ಒಯ್ಯಬೇಕಿದ್ದ ಗಾಡಿ ಮಾರಕ್ಕನ ಹೊಲಕ್ಕೆ ಹೂಳು ಹೊತ್ತಿತು.

ದೊಣೆ ಬರಿದಾಯಿತು. ತಾನೇ ತೋಡಿದ್ದ ಕಾಲುವೆಗೆ ತಿಪ್ಪೇಶ ಕಲ್ಲು ಮಣ್ಣು ಒಟ್ಟಿ ಬಾಯಿ ಮುಚ್ಚಿದ. ಆಮೇಲೆ ದಿನಾ ಆಕಾಶ ನೋಡಿದ್ದೇ ನೋಡಿದ್ದು. ಬಿಸಿಲೋ ಬಿಸಿಲು. ಕುಡಿಯುವ ನೀರು ಅದೇ ಗಾಡಿಯಲ್ಲಿ ಹೊಳೆಯಿಂದ ಬರುತ್ತಿತ್ತು.

“ಬರದೇ ಹೋದರೆ ಬುದ್ಧಿ?”

“ಹೊಳೆ ಎಲ್ಲಿಗೂ ಓಡಿಹೋಗಲ್ಲ.”

ಚಿತ್ತೆ ಮಳೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದುಬಿಟ್ಟಿತು. ಅಬ್ಬಬ್ಬಾ! ಇಡೀ ಬಂಡೆ ಬೆಳ್ಳಗಾಗಿ ಹರಿಯಿತು. ನೀರಿನ ರಭಸಕ್ಕೆ ಕಾಲುವೆ ಬಾಯಿಗೆ ಒಟ್ಟಿದ್ದ ಮಣ್ಣು ಕುಸಿಯತೊಡಗಿತು. ಇನ್ನು ಕ್ಷಣದಲ್ಲಿ ಎಲ್ಲ ಮತ್ತೆ ಹಳ್ಳದ ಪಾಲು.

ತಿಪ್ಪೇಶ ಓಡಿಹೋಗಿ ಆ ಬಿರುಕಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಕೆಸರು ಕತ್ತಿನವರೆಗೆ ಬಂತು, ಕಲ್ಲು ಬಂದು ಪಕ್ಕೆಗೆ ಬಡಿಯಿತು. “ಏಳಲ್ಲ, ನಾನು ಏಳಲ್ಲ!” ಎಂದು ಕೂಗಿಕೊಂಡ. ಯಾರಿಗೆ ಹೇಳಿದನೋ ಅವನಿಗೇ ಗೊತ್ತಿಲ್ಲ. ನೀರು ಅವನನ್ನು ಬಳಸಿ ದೊಣೆಯ ಕಡೆ ತಿರುಗಿತು.

ಮಳೆ ನಿಂತಾಗ ದೊಣೆ ತುಂಬಿ ತುಳುಕುತ್ತಿತ್ತು. ಮಾರಕ್ಕ ಬೊಗಸೆಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು. “ಮುಂದಿನ ಮುಂಗಾರಿನ ಗಂಟ ಇಡೀ ಹಟ್ಟಿಗೆ ಸಾಕು ಬುದ್ಧಿ! ಇನ್ಯಾಕೆ ಗುಳೆ?”

ತಿಪ್ಪೇಶ ಕೆಸರುಮೈಯಲ್ಲೇ ಬಂದು ಗುರುವಿನ ಕಾಲಿಗೆ ಬಿದ್ದ. ಅವನಿಗೆ ಅಳು ತಡೆಯಲಾಗಲಿಲ್ಲ.

“ನಿಮ್ಮ ತಪಸ್ಸಿಗೆ ಮಳೆ ಬಂತು ಬುದ್ಧಿ!”

ಅಜ್ಜಯ್ಯ ತಮ್ಮ ಶಲ್ಯದಿಂದ ಅವನ ತಲೆ ಒರೆಸಿದರು.

“ಮಳೆ ವರ್ಷಾವರ್ಷ ಬರ್ತಿತ್ತು ಕಣಪ್ಪ. ಅದನ್ನ ಕೈ ಹಿಡಿದು ಕೂರಿಸೋಕೆ ಈ ವರ್ಷ ಬಂದೋನು ನೀನು.”