ಯಜಮಾನನ ಪಾಲು

“ಅಯ್ಯನವರೇ, ಕಷ್ಟ ಬಂದರೆ ಅದು ಪಾಪಕ್ಕೆ ದೇವರು ಕೊಟ್ಟ ತೀರ್ಪೇ?”

ಕೇಳಿದವನು ಜಯಶೀಲ. ಹೊಳೆಯಾಚೆಯ ಹಳ್ಳಿಯ ಕ್ರೈಸ್ತ ಸಭೆಗೆ ಹೊಸದಾಗಿ ಉಪದೇಶಿಯಾದವನು. ಅವನ ಹಳ್ಳಿಯಲ್ಲಿ ಜ್ವರ ಹಬ್ಬಿ ಒಂದು ತಿಂಗಳಾಗಿತ್ತು. ಇದೆಲ್ಲ ಒಬ್ಬನ ಪಾಪದ ಫಲ ಎಂದು ಸಭೆಯವರು ಮಾತಾಡಿಕೊಳ್ಳುತ್ತಿದ್ದರು. ಆ ಒಬ್ಬ ಮೂರು ವರ್ಷದಿಂದ ಆರಾಧನೆಗೆ ಬಂದಿರಲಿಲ್ಲ. ಕುಡಿಯುತ್ತಾನೆ ಎಂದೂ ಹೇಳುತ್ತಿದ್ದರು. ಬರುವ ಭಾನುವಾರ ಅವನ ಹೆಸರನ್ನು ಸಭೆಯಿಂದ ತೆಗೆದುಹಾಕಬೇಕೆಂದು ಜಯಶೀಲನನ್ನು ಒತ್ತಾಯಿಸುತ್ತಿದ್ದರು.

ಹಿರಿಯ ಉಪದೇಶಿ ಬೆನ್ಯಾಮೀನ ಅಯ್ಯನವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. “ದೇವರ ತೀರ್ಪು ದೊಡ್ಡ ವಿಷಯ. ನನಗೆ ಮೀನಿನ ವಿಷಯ ಸ್ವಲ್ಪ ಗೊತ್ತು, ಅದನ್ನು ಹೇಳುತ್ತೇನೆ. ಕೂತುಕೋ,” ಎಂದರು.

ಕಡಲ ತೀರದಲ್ಲಿ ಒಂದು ಊರು. ಊರಿಗೆಲ್ಲ ಒಂದೇ ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಸುತ್ತ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ಊರಿನವರೆಲ್ಲ ದಡದಲ್ಲಿ ನಿಂತು ಎಳೆಯುತ್ತಾರೆ. ಆ ಊರಿಗೆ ಒಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು. ಮುದುಕನಾಗಲಿ, ದಾರಿಹೋಕನಾಗಲಿ, ಕೊನೆಯ ಗಳಿಗೆಯಲ್ಲಿ ಓಡಿ ಬಂದು ಹಿಡಿದವನಾಗಲಿ, ಪಾಲು ಪಾಲೇ. ಬಲೆ ಊರಿನ ಯಜಮಾನನದು. ಆದರೂ ಅವನಿಗೆ ಸಿಗುತ್ತಿದ್ದದ್ದು ಒಂದೇ ಪಾಲು.

ಅಲ್ಲಿ ಒಬ್ಬ ಮೀನುಗಾರನಿದ್ದ. ದಿಬ್ಬದ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಮೀನು ಎಲ್ಲಿದೆ ಎಂದು ಕೂಗಿ ಹೇಳುವುದು ಅವನ ಕೆಲಸ. ಇಪ್ಪತ್ತು ವರ್ಷ ಹೇಳಿದ. ಆಮೇಲೆ ಅವನ ಕಣ್ಣು ಮಂಜಾಯಿತು. ಮೋಡದ ನೆರಳನ್ನು ಮೀನು ಎಂದುಕೊಂಡು ಎರಡು ಸಲ ದೋಣಿ ಇಳಿಸಿದ. ಯಜಮಾನ ಆ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟು, ಇವನನ್ನು ಬಲೆ ಹೊಲಿಯಲು ಕೂರಿಸಿದ.

ಇವನಿಗೆ ಅವಮಾನವಾಯಿತು. ಹೊಟ್ಟೆ ಉರಿಯಿತು. ಒಂದು ದಿನ ಬಲೆಯ ನಡುವೆ ಎರಡು ಮಾರು ಉದ್ದ ಕತ್ತರಿಸಿ, ಯಾರಿಗೂ ಕಾಣದ ಹಾಗೆ ತೆಳ್ಳನೆಯ ದಾರದಲ್ಲಿ ಸೇರಿಸಿಟ್ಟ. ಮೀನಿನ ಭಾರ ಬಿದ್ದರೆ ದಾರ ಕಿತ್ತುಹೋಗಬೇಕು, ಹೊಸಬ ಕೂಗಿದ ದಿನ ಬಲೆ ಬರಿದಾಗಿ ಬರಬೇಕು. ಅಷ್ಟೇ ಅವನ ಆಸೆ. ಬಲೆಯನ್ನು ಮಡಿಚಿ ದೋಣಿಗೆ ಹಾಕಿದರು.

ಆದರೆ ಮೀನೇ ಬರಲಿಲ್ಲ. ಒಂದು ವಾರವಾಯಿತು, ಎರಡು ತಿಂಗಳಾಯಿತು. ಬಲೆ ದೋಣಿಯಿಂದ ಇಳಿಯಲಿಲ್ಲ. ಊರಿನಲ್ಲಿ ಗಂಜಿಗೂ ತತ್ವಾರವಾಯಿತು. ತನ್ನ ಪಾಪಕ್ಕಾಗಿಯೇ ದೇವರು ಮೀನನ್ನು ಓಡಿಸಿದ್ದಾನೆ ಎಂದು ಮೀನುಗಾರ ಹೆದರಿದ. ಮಡಿಚಿಟ್ಟ ಬಲೆಯನ್ನು ಬಿಚ್ಚಿ ಹೊಲಿಯೋಣವೆಂದರೆ ಯಾಕೆ ಎಂದು ಕೇಳುತ್ತಾರೆ. ಸುಮ್ಮನಿದ್ದ.

ಇದು ಯಾರದೋ ಪಾಪದ ಫಲ ಎಂಬ ಯೋಚನೆ ಊರಿನವರಿಗೂ ಬಂದಿತ್ತು. ಆದರೆ ಅವರು ಗುರುತಿಸಿದ ಪಾಪಿ ಬೇರೆ. ಹೊರಗಿನಿಂದ ಬಂದು ನೆಲಸಿದ್ದ ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಪ್ರಾರ್ಥನೆಯ ನಡುವೆ ಅವನು ನಕ್ಕಿದ್ದನ್ನು ಯಾರೋ ನೋಡಿದ್ದರಂತೆ. ಅಷ್ಟು ಸಾಕಾಯಿತು. ಯಜಮಾನ ಬೇಡವೆಂದರೂ ಕೇಳದೆ ಅವನನ್ನು ಹೊಳೆ ಕಡಲು ಸೇರುವ ಅಳಿವೆಯ ಆಚೆಗೆ ಓಡಿಸಿದರು. ಮೀನುಗಾರ ನೋಡುತ್ತಾ ನಿಂತಿದ್ದ. ಬಾಯಿ ಬಿಡಲಿಲ್ಲ. ಬಲೆ ಕತ್ತರಿಸಿದ್ದಕ್ಕಿಂತ ಇದು ಕೆಟ್ಟದ್ದೆಂದು ಅವನಿಗೂ ಗೊತ್ತಿತ್ತು.

ವ್ಯಾಪಾರಿ ಹೋದ ಮೇಲೂ ಮೀನು ಬರಲಿಲ್ಲ. ಊರಿನವರು ಇನ್ನೊಬ್ಬ ಪಾಪಿಯನ್ನು ಹುಡುಕತೊಡಗಿದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ದಿಬ್ಬದ ಮೇಲಿನವನು ಕೂಗಿದ. ಬಂಗುಡೆ ಮೀನು ಬಂದಿತ್ತು. ಕಡಲು ಅಷ್ಟಗಲ ಕಪ್ಪಾಗಿತ್ತು. ದೋಣಿ ಹೋಯಿತು, ಬಲೆ ಇಳಿಯಿತು. ಊರಿಗೆ ಊರೇ ಓಡಿ ಬಂದು ಹಗ್ಗ ಹಿಡಿಯಿತು. ಮೀನುಗಾರನೊಬ್ಬನೇ ದೂರ ನಿಂತಿದ್ದ. ಎಲ್ಲರೂ ನಗುತ್ತಿದ್ದರು.

ಬಲೆ ಎದೆಮಟ್ಟದ ನೀರಿಗೆ ಬಂದಾಗ ದಾರ ಕಿತ್ತಿತು. ಮೀನು ಹೊರಗೆ ನುಗ್ಗತೊಡಗಿತು. ಎಲ್ಲಿ ಹರಿದಿದೆಯೆಂದು ಯಾರಿಗೂ ತಿಳಿಯಲಿಲ್ಲ. ತಿಳಿದವನು ಒಬ್ಬನೇ. ಅವನು ಸುಮ್ಮನಿದ್ದರೆ ಊರಿನ ಅನ್ನ ಕಡಲಿಗೆ ಹೋಗುತ್ತದೆ. ಮುಂದೆ ಹೋದರೆ ಅವನು ಇನ್ನು ಊರಿನಲ್ಲಿ ತಲೆಯೆತ್ತುವಂತಿಲ್ಲ. ಅವನು ಓಡಿದ. ನೀರಿಗೆ ಬಿದ್ದು, ಹರಿದ ಜಾಗವನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಒತ್ತಿಕೊಂಡ.

“ಇಲ್ಲಿ ಹರಿದಿದೆ. ಕತ್ತರಿಸಿದವನು ನಾನೇ,” ಎಂದು ಕೂಗಿದ.

“ಮಾತು ಆಮೇಲೆ. ಕೈ ಬಿಡಬೇಡ, ಬಲೆಯ ಜೊತೆಗೇ ನಡೆದು ಬಾ,” ಎಂದ ಯಜಮಾನ.

ಅವನು ನಡೆದು ಬಂದ. ಬಂಗುಡೆಗಳು ಅವನ ಮುಖಕ್ಕೆ ಬಾಲದಿಂದ ಹೊಡೆದವು. ಎರಡು ಅಂಗಿಯೊಳಗೇ ಹೊಕ್ಕವು. ಪಾಪ ಒಪ್ಪಿಕೊಂಡವನು ಅಷ್ಟು ಕುಣಿದದ್ದನ್ನು ಆ ಊರು ಹಿಂದೆ ನೋಡಿರಲಿಲ್ಲ. ಸಿಟ್ಟಾಗಬೇಕಾದವರಿಗೂ ನಗು ತಡೆಯಲಾಗಲಿಲ್ಲ. ಮೀನು ದಡಕ್ಕೆ ಬಂತು.

ಪಾಲು ಹಂಚುವಾಗ ನಗು ನಿಂತಿತು. ಊರಿನ ಹಿರಿಯನೊಬ್ಬ, “ಇವನು ಹಗ್ಗ ಮುಟ್ಟಲಿಲ್ಲ,” ಎಂದ. ಮೀನುಗಾರ, “ನನಗೆ ಪಾಲು ಬೇಡ. ಶಿಕ್ಷೆ ಏನೆಂದು ಹೇಳಿ,” ಎಂದ.

ಯಜಮಾನ ಎಂದ: “ಕಟ್ಟಳೆ ಕಟ್ಟಳೆಯೇ. ಇವನಿಗೆ ಪಾಲಿಲ್ಲ.”

ಮೀನುಗಾರ ತಲೆ ತಗ್ಗಿಸಿ ಹೊರಟ. ಯಜಮಾನ ತನ್ನ ಪಾಲಿನ ಬುಟ್ಟಿಯನ್ನು ಎತ್ತಿ ಅವನ ತಲೆಯ ಮೇಲೆ ಇಟ್ಟ.

“ಇದು ನನ್ನದು. ನನ್ನ ಪಾಲನ್ನು ಯಾರಿಗೆ ಕೊಡಬೇಕೆಂದು ಯಾವ ಕಟ್ಟಳೆಯೂ ಹೇಳುವುದಿಲ್ಲ. ಈಗ ನನ್ನ ಮನೆಯಲ್ಲಿ ಮೀನಿಲ್ಲ, ಮಧ್ಯಾಹ್ನ ನಾನು ನಿನ್ನ ಮನೆಗೇ ಊಟಕ್ಕೆ ಬರಬೇಕು. ಮತ್ತೆ, ಇಷ್ಟು ಮೀನನ್ನು ಒಣಗಿಸಲು ಊರಿನಲ್ಲಿ ಉಪ್ಪಿಲ್ಲ. ಅಳಿವೆಯ ಆಚೆಗೆ ಹೋಗಿ ಆ ವ್ಯಾಪಾರಿಯನ್ನು ಕರೆದುಕೊಂಡು ಬಾ. ನೀನೇ ಹೋಗಬೇಕು. ಎಲ್ಲವನ್ನೂ ಹೇಳಿ ಕರೆಯಬೇಕು.”

ಮೀನುಗಾರನಿಗೆ ಬಲೆ ಹಿಡಿದದ್ದಕ್ಕಿಂತ ಆ ದಾರಿ ಕಷ್ಟವಾಯಿತು. ಬುಟ್ಟಿ ಹೊತ್ತುಕೊಂಡೇ ಹೋಗಿ ವ್ಯಾಪಾರಿಯ ಗುಡಿಸಲಿನ ಮುಂದೆ ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದ. ವ್ಯಾಪಾರಿಯ ಕಣ್ಣಲ್ಲಿ ನೀರು ಬಂದದ್ದನ್ನು ಮೀನುಗಾರ ನೋಡಿದ. ಕೊನೆಗೆ ವ್ಯಾಪಾರಿ ಬುಟ್ಟಿಯೊಳಗೆ ಬಗ್ಗಿ ನೋಡಿ, “ಬಂಗುಡೆಯೋ? ಹಾಗಾದರೆ ಒಂದು ಮೂಟೆ ಸಾಲದು,” ಎಂದು ಒಳಗೆ ಹೋಗಿ ಎರಡು ಮೂಟೆ ತಂದ. ಒಂದನ್ನು ಮೀನುಗಾರನ ಬೆನ್ನಿಗೆ ಹೊರಿಸಿದ.

ಮಧ್ಯಾಹ್ನ ಮೂವರೂ ಒಟ್ಟಿಗೆ ಉಂಡರು. ವ್ಯಾಪಾರಿ ಪ್ರಾರ್ಥನೆಯ ನಡುವೆ ಮತ್ತೆ ನಕ್ಕ. ಈ ಸಲ ಯಜಮಾನನೂ ನಕ್ಕ. ಊಟವಾದ ಮೇಲೆ ಮೂವರೂ ಬಲೆ ಹೊಲಿಯಲು ಕೂತರು.

ಅಯ್ಯನವರು ಕತೆ ನಿಲ್ಲಿಸಿ ಹುಣಸೆಬೀಜಗಳನ್ನು ಒಟ್ಟುಮಾಡಿದರು. ಜಯಶೀಲನಿಗೆ ಸಂತೋಷವಾಗಿತ್ತು. ಆದರೆ ಪ್ರಶ್ನೆ ಇನ್ನೂ ಉಳಿದಿತ್ತು.

“ಹಾಗಾದರೆ ಎರಡು ತಿಂಗಳು ಮೀನು ಬರದೆ ಇದ್ದದ್ದು ತೀರ್ಪಲ್ಲವೇ, ಅಯ್ಯನವರೇ?”

“ಮೀನು ಯಾಕೆ ಬರಲಿಲ್ಲ ಎಂಬುದು ಮೀನಿಗೆ ಗೊತ್ತು, ಅದನ್ನು ಸೃಷ್ಟಿಸಿದವನಿಗೆ ಗೊತ್ತು. ಹಸಿವಿನ ಎರಡು ತಿಂಗಳೂ ಮೀನುಗಾರನ ಪಾಪ ಬಲೆಯ ಮಡಿಕೆಯೊಳಗೆ ಹಾಯಾಗಿತ್ತು. ಅದು ಹೊರಗೆ ಬಿದ್ದದ್ದು ಬಲೆ ತುಂಬಿದ ದಿನ. ನನಗೆ ಗೊತ್ತಿರುವ ತೀರ್ಪು ಅದೊಂದೇ.”

“ಭಾನುವಾರ ನಮ್ಮ ಹಳ್ಳಿಯ ಆ ಮನುಷ್ಯನ ಹೆಸರನ್ನು ತೆಗೆಯಲೋ, ಇರಿಸಲೋ? ಅದನ್ನು ಹೇಳಿ,” ಎಂದ ಜಯಶೀಲ.

ಅಯ್ಯನವರು ಬಿಡಿಸಿದ ಹುಣಸೆಹಣ್ಣನ್ನು ಒಂದು ಎಲೆಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟರು.

“ಅವನ ಮನೆಯಲ್ಲಿ ಇವತ್ತು ಏನು ಅಡುಗೆ?”

ಜಯಶೀಲ ಆ ಪೊಟ್ಟಣ ಹಿಡಿದು, ಅವನ ಮನೆಯ ಅಡುಗೆ ನೋಡಲು ಹೊಳೆಯ ಕಡೆಗೆ ಹೊರಟ.