ಬಾಗಿಲು ಬಿಟ್ಟುಕೊಟ್ಟ ಮಾತೆ ದೊನಾತುಲಾ

ಕ್ರೈಸ್ತರ ಆದಿಸಭೆಯ ಭಕ್ತರು ಇನ್ನೂ ರಾಜಭಯಕ್ಕೆ ಕದ ಮುಚ್ಚಿಕೊಂಡು ಪ್ರಾರ್ಥಿಸುತ್ತಿದ್ದ ಕಾಲವದು. ರೋಮನ್ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟ ಆಫ್ರಿಕದ ಕಡಲತೀರದ ಪಟ್ಟಣವೊಂದರಲ್ಲಿ, ಚರ್ಮ ಹದಮಾಡುವವರ ಕೇರಿಯ ಹಾಳು ಉಗ್ರಾಣದಲ್ಲಿ ಪೂಜ್ಯ ಮಾತೆ ದೊನಾತುಲಾ ಅವರು ವಾಸವಾಗಿದ್ದರು. ಆ ವರ್ಷ ಊರಿಗೆಲ್ಲ ಮಹಾಮಾರಿ ಹಬ್ಬಿತು. ಜ್ವರ ಬಂದವರನ್ನು ಉಸಿರಾಡುತ್ತಿರುವಾಗಲೇ ಮನೆಯವರು ಬೀದಿಗೆ ಹಾಕುತ್ತಿದ್ದರು. ಏನು ಹೇಳೋಣ, ಜೀವಭಯ ಅಂಥದ್ದು! ಮಾತೆಯವರು ಮಾತ್ರ ನಾಲ್ಕಾರು ಭಕ್ತರನ್ನು ಕೂಡಿಕೊಂಡು, ಯಾವ ದೇವರ ಒಕ್ಕಲೆಂದು ಕೇಳದೆ, ಬೀದಿಗೆ ಬಿದ್ದವರನ್ನು ಹೊತ್ತು ತರುತ್ತಿದ್ದರು. ಜೀವವಿದ್ದವರಿಗೆ ಗಂಜಿ ಕುಡಿಸುತ್ತಿದ್ದರು. ಸತ್ತವರಿಗೆ ಸ್ನಾನ ಮಾಡಿಸಿ, ಶುಭ್ರವಸ್ತ್ರ ಹೊದಿಸಿ ಮಣ್ಣು ಮಾಡುತ್ತಿದ್ದರು.

ಊರವರು ಮೆಚ್ಚಿದರೇ? ಎಲ್ಲಿಯ ಮಾತು! ಕ್ರೈಸ್ತರು ಕದ್ದುಮುಚ್ಚಿ ನರಮಾಂಸ ತಿನ್ನುತ್ತಾರೆ, ಹೆಣ ಹೊರುವುದು ಅದಕ್ಕೇ ಎಂದು ಬಾಯಿಗೆ ಬಂದಂತೆ ಆಡಿಕೊಂಡರು.

ಬಣ್ಣಗಾರ ರೊಗಾತನೂ ಅದನ್ನೇ ನಂಬಿದ್ದವನು. ತಾಯಿ ನಮಿಯಾಳಿಗೆ ಜ್ವರ ಏರಿದಾಗ ಅವನೂ ಎಲ್ಲರಂತೆ ಆಕೆಯನ್ನು ಚಾಪೆಯಲ್ಲಿ ಸುತ್ತಿ ಬೀದಿಯ ತಿರುವಿನಲ್ಲಿ ಇಟ್ಟು ಬಂದ. ಪ್ರಾಣ ಹೋಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಮರುದಿನ ಮನಸ್ಸು ತಡೆಯದೆ ಹೋಗಿ ನೋಡಿದರೆ ಅಲ್ಲಿ ಬರೀ ಚಾಪೆ ಬಿದ್ದಿತ್ತು. ಕತ್ತಿ ಹಿಡಿದು ನೇರವಾಗಿ ಉಗ್ರಾಣಕ್ಕೆ ಬಂದ.

ಮಾತೆಯವರು ಬಾಗಿಲಿಗೆ ಅಡ್ಡ ನಿಂತರು, ಒಳಗೆ ಬರಕೂಡದೆಂದರು. ಅವನಿಗೆ ಅಷ್ಟೇ ಸಾಕಾಯಿತು. ನಮ್ಮಮ್ಮ ನಮಿಯಾಳ ಹೆಣವನ್ನು ಏನು ಮಾಡಿದಿರಿ ಎಂದು ಕತ್ತಿಯನ್ನು ಅವರ ಕೊರಳಿಗೇ ಹಿಡಿದ.

"ನಿನ್ನ ತಾಯಿ ಬದುಕಿದ್ದಾರೆ," ಎಂದರು ಮಾತೆಯವರು. "ಮಗ ಬಂದರೆ ಒಳಗೆ ಬಿಡಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ."

ರೊಗಾತ ಕತ್ತಿ ಇಳಿಸಿದ. ನನ್ನ ಮುಖ ನೋಡುವುದೂ ಬೇಡವಾಯಿತೇ ಅವಳಿಗೆ ಎನ್ನುತ್ತ ಅಲ್ಲೇ ಕೂತುಬಿಟ್ಟ.

"ಕೋಪದಿಂದಲ್ಲ, ಮಗನೇ. ಈ ರೋಗ ನಿನಗೆ ತಗಲೀತೆಂಬ ಭಯದಿಂದ."

ಬೀದಿಗೆ ಹಾಕಿದವನ ಮೇಲೆ ಅಂಥ ಮರುಕ! ಅವನು ಬಿಕ್ಕಿಬಿಕ್ಕಿ ಅತ್ತ. ಒಳಗೆ ಹೋದರೆ ನಾನೂ ಸಾಯುತ್ತೇನೆಯೇ ಎಂದು ಕೇಳಿದ. ಸಾಯಬಹುದು ಎಂದರು ಮಾತೆಯವರು. ಸುಳ್ಳು ಸಮಾಧಾನ ಹೇಳುವುದು ಅವರಿಂದಾಗದು. ಆಮೇಲೆ ಪಕ್ಕಕ್ಕೆ ಸರಿದು ನಿಂತರು. "ಕೊಟ್ಟ ಮಾತು ಮುರಿದ ಪಾಪ ನನಗಿರಲಿ. ಬರುವುದೂ ಬಿಡುವುದೂ ನಿನಗೆ ಸೇರಿದ್ದು."

ರೊಗಾತ ಒಳಗೆ ಹೋದ. ನಮಿಯಾ ಮಗನನ್ನು ಕಂಡವಳೇ, ತನ್ನ ಉಸಿರು ಅವನಿಗೆ ತಾಗದಿರಲೆಂದು ಗೋಡೆಯತ್ತ ಹೊರಳಿದಳು. ಅವನು ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಂಡು ನೀರು ಕುಡಿಸಿದ. ಸಂಜೆಗೆ ಆಕೆ ತೀರಿಕೊಂಡಳು. ಸ್ನಾನ ಮಾಡಿಸಿದವನೂ ಅವನೇ. ಮನೆಗೆ ಹಿಂದಿರುಗಲಿಲ್ಲ, ಮಾತೆಯವರ ಜೊತೆ ರೋಗಿಗಳನ್ನು ಹೊರುತ್ತ ಅಲ್ಲೇ ಉಳಿದುಬಿಟ್ಟ. ಕೆಲವೇ ದಿನಗಳಲ್ಲಿ ಅವನಿಗೂ ಜ್ವರ ಏರಿತು.

ಬೇಡಿಕೊಂಡು ಜ್ಞಾನಸ್ನಾನ ಪಡೆದು ಕ್ರೈಸ್ತನಾದ. ಮಾತೆಯವರು ಅವನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಅಂದು ಬಾಗಿಲು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆ ಕೇಳಿದರು. ಕಣ್ಣೀರು ಸುರಿಸುತ್ತಿದ್ದ ರೊಗಾತ, ಅದಕ್ಕಲ್ಲ ಎಂಬಂತೆ ತಲೆಯಾಡಿಸಿದ.

"ಒಳಗೆ ಬಂದದ್ದಕ್ಕೆ ನನಗೆ ದುಃಖವಿಲ್ಲ, ಅಮ್ಮಾ. ಆ ಒಂದು ರಾತ್ರಿ ಬೀದಿಯಲ್ಲಿ ನನ್ನ ಹೆತ್ತವಳು ಒಬ್ಬಳೇ ಇದ್ದಳಲ್ಲ, ಅದಕ್ಕೆ ಅಳುತ್ತಿದ್ದೇನೆ."